ಊರಿಗೆ ಉಳಿದ ಒಂದೇ ಹಟ್ಟಿ

ನಮ್ಮ ದನದ ಹಟ್ಟಿಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ನನ್ನ ತಲೆನೋವು ಅಲ್ಲಿಂದಲೇ ಶುರು. ಒಬ್ಬರ ಕೈಯಲ್ಲಿ ಕಪ್ಪು ತಿರುಗಿದ ಬಾಳೆಹಣ್ಣು, ಇನ್ನೊಬ್ಬರ ಬಕೆಟಿನಲ್ಲಿ ಮದುವೆ ಊಟದಲ್ಲಿ ಉಳಿದ ಅನ್ನ, ಮತ್ತೊಬ್ಬರ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಣಗಿದ ಚಪಾತಿ. ಒಮ್ಮೆ ಒಬ್ಬರು ಮೊಮ್ಮಗನ ಹುಟ್ಟುಹಬ್ಬದ ಕೇಕನ್ನೇ ತಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಮೊಟ್ಟೆ ಹಾಕದ್ದು ಅಕ್ಕ, ಎಂತ ದೋಷವೂ ಇಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಮನುಷ್ಯರು ತಿಂದು ಮುಗಿಸಲಾಗದ್ದನ್ನು ತಿನ್ನುವುದಕ್ಕೆಂದೇ ದೇವರು ದನವನ್ನು ಸೃಷ್ಟಿಸಿದ್ದಾನೆ ಎಂಬ ನಂಬಿಕೆ ನಮ್ಮವರಲ್ಲಿ ಬಹಳ ಗಟ್ಟಿ. ಬೇಡ ಎಂದವಳು ಪಾಪಿ.

ನಮ್ಮದು ಶಿರ್ತಾಡಿಯಿಂದ ಸ್ವಲ್ಪ ಒಳಗೆ. ನಾನು ಮದುವೆಯಾಗಿ ಬಂದಾಗ ಇಲ್ಲಿ ಹಟ್ಟಿ ಇಲ್ಲದ ಮನೆ ಇರಲಿಲ್ಲ. ಬೆಳಿಗ್ಗೆ ಹಾಲಿನ ಡಿಪೋದ ಎದುರು ಕ್ಯಾನು ಹಿಡಿದು ನಿಂತವರ ಸಾಲು ರಸ್ತೆಗೆ ಬರುತ್ತಿತ್ತು. ಈಗ ಆ ಹಟ್ಟಿಗಳಲ್ಲಿ ಕಾರು ಉಂಟು, ಸೌದೆ ಉಂಟು, ಒಂದು ಮನೆಯಲ್ಲಂತೂ ಜಿಮ್ಮಿನ ಸಾಮಾನು ಉಂಟು. ದನ ಉಳಿದದ್ದು ನಮ್ಮಲ್ಲಿ ಮಾತ್ರ. ಯಾಕೆ ಉಳಿಯಿತು ಎಂದು ಕೇಳಿದರೆ, ನನ್ನ ಹಟವೇ ಕಾರಣ ಎನ್ನಬೇಕು. ಸೆಗಣಿ ಬಾಚಿ ಸೊಂಟ ಹಿಡಿದ ದಿನ, ನಾಳೆಯೇ ಎಲ್ಲವನ್ನೂ ಮಾರುತ್ತೇನೆ ಎನ್ನುತ್ತೇನೆ. ಮರುದಿನ ಬೆಳಿಗ್ಗೆ ಹುಲ್ಲು ಕೊಯ್ಯಲು ನಾನೇ ಮೊದಲು ಹೊರಡುತ್ತೇನೆ.

ಊರಿನಲ್ಲಿ ದನ ಹೋಯಿತು, ದನದ ಮೇಲಿನ ಭಕ್ತಿ ಹೋಗಲಿಲ್ಲ. ಹಾಗಾಗಿ ಎಲ್ಲರ ಭಕ್ತಿಯೂ ಈಗ ನಮ್ಮ ಅಂಗಳ ಹತ್ತುತ್ತದೆ. ಯಾರದೋ ಜಾತಕದಲ್ಲಿ ದೋಷ ಕಂಡರೆ ನಮ್ಮ ದನಕ್ಕೆ ಬೆಲ್ಲ. ಯಾರಿಗೋ ದುಬೈಯಲ್ಲಿ ಕೆಲಸ ಸಿಕ್ಕಿದರೆ ನಮ್ಮ ದನಕ್ಕೆ ಅವಲಕ್ಕಿ. ಹಿರಿಯರ ತಿಥಿಯ ದಿನ ದನಕ್ಕೆಂದು ತೆಗೆದಿಟ್ಟ ಎಲೆ ಸ್ಕೂಟರಿನಲ್ಲಿ ಬರುತ್ತದೆ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ ಇರುವುದು ಹುಲ್ಲಿಗಾಗಿ, ಅನ್ನ ಮತ್ತು ಹಿಟ್ಟು ಒಮ್ಮೆಲೇ ಬಿದ್ದರೆ ಆ ಹೊಟ್ಟೆಯೊಳಗೆ ಎಲ್ಲ ಹುಳಿಯಾಗಿ ದನ ಸತ್ತೇ ಹೋಗಬಹುದು ಎಂದು ನಾನು ಹೇಳಿದ್ದು ಒಂದು ಸಲವಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣ ಕೊನೆಗೆ ತಲೆಯನ್ನಾದರೂ ಆಡಿಸುತ್ತದೆ. ಇವರು ನಕ್ಕು, "ನಮ್ಮ ಅಜ್ಜಿ ದಿನಾ ಗಂಜಿ ಕೊಡ್ತಿದ್ರು, ಆ ದನಕ್ಕೆ ಎಂತದೂ ಆಗ್ಲಿಲ್ಲ" ಎನ್ನುತ್ತಾರೆ. ಅಜ್ಜಿಯ ದನ ಗುಡ್ಡೆಯಲ್ಲಿ ದಿನವಿಡೀ ಮೇದು ಬಂದು ಒಂದು ಕುಡ್ತೆ ಹಾಲು ಕೊಡುತ್ತಿತ್ತು ಎಂಬುದು ಯಾರಿಗೂ ನೆನಪಿಲ್ಲ.

ಮನೆಯಲ್ಲಿ ನನ್ನ ಪರ ಇದ್ದವರೂ ಕಡಿಮೆ. ನನ್ನ ಯಜಮಾನರಿಗೆ 'ಬೇಡ' ಎಂಬ ಶಬ್ದ ಹೇಳಲು ಬರುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಚುರುಕು, ಕಾಲು ಇನ್ನೂ ಚುರುಕು. ದನದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ, ಆದರೆ ಅವರ ಲೆಕ್ಕದಲ್ಲಿ ದನದ ಹೊಟ್ಟೆಯ ಆರೋಗ್ಯ ಬೇರೆ, ಹಬ್ಬದ ದಿನ ದನಕ್ಕೆ ಕೊಡುವುದು ಬೇರೆ. ಎರಡಕ್ಕೂ ಸಂಬಂಧವಿಲ್ಲ.

ಆ ದೀಪಾವಳಿಗೆ ನಮ್ಮ ಕಪ್ಪು ದನ ತುಂಬು ಗಬ್ಬದಲ್ಲಿತ್ತು. ಹಟ್ಟಿಯಲ್ಲಿ ಬೇರೆ ದನಗಳೂ ಇದ್ದವು, ಅವೆಲ್ಲ ಹೊರಗಿನಿಂದ ಕೊಂಡವು. ಕೊಂಡು ತಂದ ದನದ ಜೊತೆ ಏನೇನು ಬರುತ್ತದೆ ಎಂಬುದು ಕಟ್ಟಿಕೊಂಡವರಿಗೇ ಗೊತ್ತು. ನೆರಿಯದ ಕಡೆಯಿಂದ ಒಮ್ಮೆ ತಂದದ್ದು ಉಣ್ಣಿಯನ್ನೂ ಉಣ್ಣಿಜ್ವರವನ್ನೂ ಒಟ್ಟಿಗೆ ತಂದಿತ್ತು. ಮತ್ತೊಂದು ಕೆಚ್ಚಲುಬಾವು ಹಿಡಿದೇ ವ್ಯಾನಿನಿಂದ ಇಳಿದಿತ್ತು. ಇನ್ನು ಕೊಳ್ಳುವುದು ಬೇಡ, ಹಟ್ಟಿಯಲ್ಲೇ ಹುಟ್ಟಿದ ಹೆಣ್ಣು ಕರುಗಳಿಂದಲೇ ಹಟ್ಟಿ ತುಂಬಲಿ ಎಂದು ನಾನು ತೀರ್ಮಾನಿಸಿದ್ದೆ. ಕಪ್ಪು ದನ ಹಾಗೆ ಹುಟ್ಟಿದ ಮೊದಲನೆಯದು. ಗಬ್ಬ ಕಟ್ಟಿಸುವಾಗ ಹೆಣ್ಣು ಕರುವೇ ಆಗುವಂಥ ಹೊಸ ಇಂಜೆಕ್ಷನ್ ಅದಕ್ಕೆ ಕೊಡಿಸಿದ್ದೆ. ಅದರ ಹೊಟ್ಟೆಯಲ್ಲಿದ್ದ ಕರುವಿನ ಮೇಲೆ ನನ್ನ ಎಲ್ಲ ಆಸೆಯೂ ನಿಂತಿತ್ತು. ಆ ಕರು ಆಗದಿದ್ದರೆ ಮತ್ತೆ ಸಂತೆ, ಮತ್ತೆ ದಲ್ಲಾಳಿ, ಮತ್ತೆ ಊರ ರೋಗವೆಲ್ಲ ನಮ್ಮ ಹಟ್ಟಿಗೆ. ಅಷ್ಟು ಮಾಡಲು ಈ ವಯಸ್ಸಿನಲ್ಲಿ ನನ್ನಿಂದ ಆಗುವುದಿಲ್ಲ, ಹಟ್ಟಿ ಮುಚ್ಚಬೇಕಾದೀತು ಎಂದು ಮನೆಯವರಿಗೆ ಹೇಳಿಯೂ ಇದ್ದೆ.

ಹಬ್ಬಕ್ಕೆ ಕೆಲವು ದಿನ ಮೊದಲು ದನದ ಡಾಕ್ಟ್ರು ಬಂದರು. ಚಿಕ್ಕ ಪ್ರಾಯದ ಹೆಂಗಸು, ಸ್ಕೂಟರಿನಲ್ಲಿ ಗುಡ್ಡ ಹತ್ತಿ ಬರುತ್ತಾರೆ, ಮಾತು ಕಡಿಮೆ. ಕಪ್ಪು ದನದ ಹೊಟ್ಟೆ ಮುಟ್ಟಿ ನೋಡಿ ಕರು ಚೆನ್ನಾಗಿದೆ ಎಂದರು. ಆಮೇಲೆ ಕೈ ತೊಳೆಯುತ್ತಾ, "ಬೆಳ್ತಂಗಡಿ ಕಡೆ ಕಾಲುಬಾಯಿ ಜ್ವರ ಉಂಟಂತೆ. ನಿಮ್ಮದಕ್ಕೆ ಲಸಿಕೆ ಹಾಕಿ ಆಗಿದೆ, ಆದ್ರೂ ಜಾಗ್ರತೆ ಮಾಡಿ. ಹೊರಗಿನವರನ್ನು ಹಟ್ಟಿಗೆ ಬಿಡ್ಬೇಡಿ. ಚಪ್ಪಲಿಯಲ್ಲಿ, ಕೈಯಲ್ಲಿ ಎಲ್ಲ ಬರ್ತದೆ ಅದು" ಎಂದರು.

"ಹಬ್ಬಕ್ಕೆ ಊರಿಡೀ ಬರ್ತಾರಲ್ಲ ಡಾಕ್ಟ್ರೆ, ಗೋಪೂಜೆಗೆ" ಎಂದೆ.

"ನಮಸ್ಕಾರ ದೂರದಿಂದ ಮಾಡ್ಲಿ" ಎಂದು ಅವರು ಸ್ಕೂಟರು ಹತ್ತಿದರು.

ಹೇಳುವುದು ಸುಲಭ. ದೀಪಾವಳಿಯ ಗೋಪೂಜೆ ಎಂದರೆ ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ದನಗಳನ್ನು ಮೀಯಿಸಿ, ಮೈಗೆ ಶೇಡಿಮಣ್ಣಿನ ಬಿಳಿ ಉಂಗುರಗಳನ್ನು ಒತ್ತಿ, ಕೊರಳಿಗೆ ಗೊಂಡೆಹೂವಿನ ಮಾಲೆ ಹಾಕಿ, ಎಲೆಯಲ್ಲಿ ದೋಸೆ, ಅರಸಿನ ಎಲೆಯಲ್ಲಿ ಬೇಯಿಸಿದ ಗಟ್ಟಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಇಟ್ಟು ತಿನ್ನಿಸಬೇಕು. ಮೊದಲು ಒಂದೊಂದು ಮನೆ ತನ್ನ ತನ್ನ ದನಕ್ಕೆ ಒಂದೊಂದು ಎಲೆ ಇಡುತ್ತಿತ್ತು. ಒಂದು ಎಲೆಯಿಂದ ಯಾವ ದನಕ್ಕೂ ಏನೂ ಆಗದು. ಈಗ ಎಲ್ಲ ಮನೆಯ ಎಲೆಗಳೂ ದನಕ್ಕೆ ಹುಲ್ಲು ಹಾಕುವ ನಮ್ಮ ಬೈಪಣೆಗೆ ಬರುತ್ತವೆ. ದನಗಳು ಕಡಿಮೆಯಾದವು, ಎಲೆಗಳು ಕಡಿಮೆಯಾಗಲಿಲ್ಲ. ಇಷ್ಟು ಸರಳವಾದ ಭಾಗಾಕಾರ ಊರಿನಲ್ಲಿ ಒಬ್ಬರ ತಲೆಗೂ ಹೊಳೆಯದ್ದನ್ನು ಕಂಡು ಸಿಟ್ಟಿನಿಂದ ಮೈ ಉರಿಯುತ್ತದೆ.

ಈ ಸಲ ಬಿಡುವುದಿಲ್ಲ ಎಂದು ನಾನು ಮನೆಮನೆಗೆ ಹೋದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುವಾಗ ನನ್ನ ಮಾತಿನ ಖಾರ ಅರ್ಧಕ್ಕೆ ಇಳಿದಿದೆ ಎಂದು ತಿಳಿದುಕೊಳ್ಳಬೇಕು. "ರೋಗ ಉಂಟು, ಯಾರೂ ಹಟ್ಟಿಗೆ ಬರ್ಬೇಡಿ" ಎಂದೆ. ಒಬ್ಬೊಬ್ಬರದು ಒಂದೊಂದು ಉತ್ತರ.

"ನಮಗೆಂತ ಕಾಲುಬಾಯಿ ಜ್ವರ ಉಂಟಾ? ನಾವು ಮನುಷ್ಯರಲ್ಲವಾ?"

"ಇಂಜೆಕ್ಷನ್ ಕೊಟ್ಟಾಗಿದೆಯಲ್ಲ, ಮತ್ತೆಂತ ಹೆದರಿಕೆ ಮಾರಾಯ್ತಿ?"

"ಸರಿ ಅಕ್ಕ, ನಾವು ಯಾರೂ ಬರುದಿಲ್ಲ. ನಾನೊಬ್ಬಳೇ ಬಂದು ಒಂದು ತುತ್ತು ಕೊಟ್ಟು ಹೋಗ್ತೇನೆ."

ಕೊನೆಯದನ್ನು ಹೇಳಿದ್ದು ಕೆಳಗಿನ ಮನೆಯವಳು. ಅವಳ ಮಗಳದ್ದು ಮೊದಲ ಬಸಿರು. ಏನೋ ತೊಂದರೆ ಕಂಡು ಡಾಕ್ಟರು ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು, ಎದ್ದು ಕೂರಲೂ ಬಿಡುತ್ತಿರಲಿಲ್ಲ. ಇವಳು ಬೆಳಿಗ್ಗೆ ಬಸ್ಸಿನಲ್ಲಿ ಬುತ್ತಿ ಕೊಂಡುಹೋಗಿ ಸಂಜೆ ಬರುತ್ತಿದ್ದಳು, ಮುಖ ಒಣಗಿ ಹೋಗಿತ್ತು. ಅವಳಿಗೆ ಒರಟಾಗಿ ಹೇಳಲು ನನಗೂ ಆಗಲಿಲ್ಲ. ಹಾಗಾಗಿ ಒಂದು ಒಪ್ಪಂದ ಮಾಡಿದೆ: ಎಲ್ಲರೂ ಎಲೆಗಳನ್ನು ನಮ್ಮ ಜಗಲಿಯಲ್ಲಿ ಇಟ್ಟು ಹೋಗಲಿ, ದನದ ಬಾಯಿಗೆ ನಾನೇ ಮುಟ್ಟಿಸುತ್ತೇನೆ. ಪ್ರತಿ ಎಲೆಯಿಂದ ಒಂದು ಚೂರು ತೆಗೆದು ಕೊಡುವುದು, ಉಳಿದದ್ದನ್ನು ಸದ್ದಿಲ್ಲದೆ ಗೊಬ್ಬರದ ಗುಂಡಿಗೆ ಹಾಕುವುದು ನನ್ನ ಯೋಜನೆ. ಅದನ್ನು ಮನೆಯಲ್ಲಿ ಹೇಳಿದಾಗ ಯಜಮಾನರು "ಹಾಗೇ ಮಾಡುವ" ಎಂದರು. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು, ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದರೆ ಒಪ್ಪಿದ್ದಾರೆ ಎಂದು ಅರ್ಥವಲ್ಲ.

ಹಬ್ಬದ ಬೆಳಿಗ್ಗೆ ಬಟ್ಟೆ ಸೋಡಾ ಕರಗಿಸಿದ ನೀರನ್ನು ಅಗಲವಾದ ಬಾಣಲೆಯಲ್ಲಿ ತುಂಬಿ ಅಂಗಳದ ಬಾಗಿಲಲ್ಲಿ ಇಟ್ಟು, ಪಕ್ಕದಲ್ಲಿ ನಾನೇ ನಿಂತೆ. ಕಾಲು ಅದ್ದದೆ ಯಾರೂ ಒಳಗೆ ಬರುವಂತಿಲ್ಲ. ಜರಿಸೀರೆ ಉಟ್ಟು ಬಂದವರೆಲ್ಲ ನನ್ನನ್ನು ನೋಡಿದ ರೀತಿ ಹೇಳಿ ಸುಖವಿಲ್ಲ. ಒಬ್ಬರು ಅದು ಪಾದ ತೊಳೆಯುವ ಮರ್ಯಾದೆಯೆಂದು ತಿಳಿದು ಸಂತೋಷಪಟ್ಟರು. ಮತ್ತೊಬ್ಬರು ಚಪ್ಪಲಿ ಕಳಚಿ ಬರಿಗಾಲನ್ನು ಅದ್ದಿ, ಅದೇ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ನಡೆದರು. ಚಪ್ಪಲಿ ಸಮೇತ ಅದ್ದಿ ಎಂದರೆ, "ಹೊಸತು ಅಕ್ಕ, ಬಣ್ಣ ಹೋಗ್ತದೆ" ಎಂದರು.

ಎಲ್ಲರಿಗಿಂತ ದೊಡ್ಡ ಪರೀಕ್ಷೆ ಬಂದದ್ದು ಬೆಳ್ತಂಗಡಿ ಕಡೆಯ ಅಳದಂಗಡಿಯಿಂದ. ಯಜಮಾನರ ದೂರದ ಸಂಬಂಧಿಕರೊಬ್ಬರು ಬೈಕಿನಿಂದ ಇಳಿದರು. ಅವರಲ್ಲೂ ದನಗಳುಂಟು. "ಹೇಗಿವೆ ನಿಮ್ಮವು?" ಎಂದು ಕೇಳಿದೆ.

"ಒಂದು ಮಾತ್ರ ಎರಡು ದಿನದಿಂದ ಜೊಲ್ಲು ಸುರಿಸ್ತಾ ಉಂಟು. ಬಾಯಿಯೊಳಗೆ ಸ್ವಲ್ಪ ಹುಣ್ಣು. ಬಿಸಿ ಅಕ್ಕಚ್ಚು ಕುಡಿದಿರ್ಬೇಕು" ಎಂದರು, ನೆಗಡಿಯಾದ ಮಗುವಿನ ಸುದ್ದಿ ಹೇಳುವಷ್ಟೇ ಸಲೀಸಾಗಿ. ಅಕ್ಕಿ ತೊಳೆದ ನೀರು ಕುಡಿದು ಯಾವ ದನದ ಬಾಯಿ ಹುಣ್ಣಾಗುತ್ತದೆ? ಆ ದನದ ಬಾಯಿ ಬಿಡಿಸಿ ನೋಡಿದ ಕೈ ಅದೇ, ಆ ಹಟ್ಟಿ ತುಳಿದ ಚಪ್ಪಲಿ ಅದೇ. ನಾನು ಎರಡು ಕೈಯನ್ನೂ ಅಡ್ಡ ಹಿಡಿದು ನಿಂತೆ. ಅವರಿಗೆ ಸಿಟ್ಟು ಬಂತು. ಯಜಮಾನರು ನಡುವೆ ಬಂದು, "ಬೇಸರ ಮಾಡ್ಬೇಡಿ, ಅವಳು ಹಾಗೇ" ಎಂದು ನನ್ನನ್ನೇ ಮಾರಿ ಸಮಾಧಾನ ಮಾಡಿದರು. ಕೊನೆಗೆ ಕಾಫಿಯನ್ನು ಗೇಟಿನ ಹೊರಗೇ ಕೊಟ್ಟು ಕಳಿಸಿದ್ದಾಯಿತು. ಆ ಕಡೆಯ ನೆಂಟಸ್ತಿಕೆ ಇವತ್ತಿಗೂ ಸರಿಹೋಗಿಲ್ಲ. ಹೋಗದಿದ್ದರೆ ಹೋಗಲಿ.

ಹೀಗೆ ನಾನು ಎದುರಿನ ಬಾಗಿಲು ಕಾಯುತ್ತಿದ್ದಾಗ ಅತ್ತೆ ಹಿಂದಿನ ಬಾಗಿಲಿನಿಂದ ಹಟ್ಟಿಗೆ ಹೋಗಿ ಬರುತ್ತಿದ್ದರು. ಜಗಲಿಯಲ್ಲಿ ಎಲೆಗಳ ರಾಶಿ ಏರದೆ ಇದ್ದದ್ದನ್ನು ನಾನು ಗಮನಿಸಬೇಕಿತ್ತು. ಬಂದವರ ಕಾಲು ನೋಡುವುದರಲ್ಲೇ ನನ್ನ ಕಣ್ಣು ಹೋಗಿತ್ತು.

ಮಧ್ಯಾಹ್ನ ಊಟ ಮುಗಿಸಿ ಹಟ್ಟಿಗೆ ಹೋದಾಗ ಕಪ್ಪು ದನ ಮೂಲೆಗೆ ಮುಖ ಮಾಡಿ ನಿಂತಿತ್ತು. ಕೊರಳಲ್ಲಿ ಮಾಲೆ, ಮೈಮೇಲೆ ಬಿಳಿ ಉಂಗುರಗಳು, ಬಾಯಿ ಮಾತ್ರ ಅಲ್ಲಾಡುತ್ತಿಲ್ಲ. ಬೇರೆ ದನಗಳು ಮಲಗಿ ಮೆಲುಕು ಹಾಕುತ್ತಿದ್ದವು. ಇದು ಹಲ್ಲು ಕಡಿಯುತ್ತಿತ್ತು. ಎಡಗಡೆಯ ಹೊಟ್ಟೆಗೆ ಮುಷ್ಟಿ ಒತ್ತಿದರೆ ನೀರು ತುಂಬಿದ ಚೀಲವನ್ನು ಒತ್ತಿದ ಹಾಗೆ. ಸೆಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬೈಪಣೆಯಲ್ಲಿ ಬಾಳೆಲೆಯ ನಾರುಗಳು, ಅರಸಿನ ಎಲೆಯ ಚೂರುಗಳು. ಯಾರೂ ಏನೂ ಹೇಳುವುದು ಬೇಕಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾನು ಮೊದಲು ಹರಿಹಾಯ್ದದ್ದು ಯಜಮಾನರ ಮೇಲೆ. ಅವರು ಬೈಗುಳ ಕೇಳುತ್ತಲೇ ಡಾಕ್ಟ್ರಿಗೆ ಫೋನು ಮಾಡಿದರು. ಹಬ್ಬದ ದಿನವೂ ಆ ಹುಡುಗಿ ಬಂದಳು. ಬಾಟಲಿಯಲ್ಲಿ ಅಡುಗೆ ಸೋಡಾದ ನೀರು ಕುಡಿಸಿ, ಇಂಜೆಕ್ಷನ್ ಚುಚ್ಚಿ, ಹಟ್ಟಿಯ ಚಾವಣಿಯ ಪಕ್ಕಾಸಿಗೆ ಗ್ಲೂಕೋಸಿನಂಥ ದೊಡ್ಡ ಬಾಟಲಿ ಕಟ್ಟಿ ಕೊರಳಿನ ನರಕ್ಕೆ ಹನಿ ಬಿಟ್ಟಳು. ಕೆಲಸ ಒಂದು ಹದಕ್ಕೆ ಬಂದ ಮೇಲೆ, "ಯಾರು ತಿನ್ನಿಸಿದ್ದು ಇಷ್ಟು?" ಎಂದು ಕೇಳಿದಳು.

"ನಾನು" ಎಂದರು ಅತ್ತೆ. ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ.

"ಬೇರೆ ದನಗಳಿಗೆ ಹಂಚ್ಲಿಕ್ಕೆ ಆಗ್ತಿರ್ಲಿಲ್ವಾ ಅಜ್ಜಿ?"

"ಗಬ್ಬದ ದನಕ್ಕೆ ಕೊಟ್ಟರೆ ಎರಡು ಜೀವಕ್ಕೆ ಕೊಟ್ಟ ಹಾಗೆ ಮಗಾ. ಎಲ್ಲರೂ ಇದಕ್ಕೇ ಅಂತ ಹೇಳಿ ತಂದದ್ದು. ಒಬ್ಬರದ್ದು ತಿನ್ನಿಸಿ ಇನ್ನೊಬ್ಬರದ್ದನ್ನು ಹೇಗೆ ಬಿಡುದು?" ಅತ್ತೆ ನನ್ನ ಕಡೆ ತಿರುಗಿದರು. "ಕೆಳಗಿನ ಮನೆಯವಳು ಎಲೆ ಇಡುವಾಗ ಅಳ್ತಾ ಇದ್ದಳು. ಮಗಳಿಗೆ ಹೆತ್ತು ಕೈಕಾಲು ಬೇರೆಯಾಗ್ಲಿ ಅಂತ ಇಟ್ಟ ಎಲೆ. ಅದನ್ನು ನೀನು ಗೊಬ್ಬರದ ಗುಂಡಿಗೆ ಹಾಕ್ತಿದ್ದಿ."

ನನಗೆ ಸಿಟ್ಟು ನೆತ್ತಿಗೇರಿತು. ಆಗ ಆಡಿದ ಮಾತುಗಳನ್ನು ತುಳುವಿನಲ್ಲಿ ಆಡಿದೆ, ತುಳುವಿನಲ್ಲೇ ಇರಲಿ. ಹೌದು, ನಾನು ಗುಂಡಿಗೆ ಹಾಕುತ್ತಿದ್ದೆ. ಹಾಕಬೇಕಿತ್ತು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಕಪ್ಪು ದನ ಬದುಕಿತು. ಬರೇ ಬೈಹುಲ್ಲು, ಹದವಾದ ನೀರು, ದಿನಕ್ಕೆ ಎರಡು ಸಲ ಸೋಡಾ. ನಿಧಾನಕ್ಕೆ ಮೆಲುಕು ಶುರುವಾಯಿತು. ಆ ಬಾಯಿ ಅಲ್ಲಾಡಿದ್ದನ್ನು ಮೊದಲು ಕಂಡಾಗ ನಾನು ಬುಟ್ಟಿ ಕೆಳಗಿಟ್ಟು ಹಟ್ಟಿಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ಕಾಲುಬಾಯಿ ಜ್ವರ ನಮ್ಮಲ್ಲಿಗೆ ಬರಲಿಲ್ಲ. ಬಾಣಲೆಯ ನೀರಿನ ಮಹಿಮೆಯೋ, ಲಸಿಕೆಯದೋ, ಅಡ್ಡ ಹಿಡಿದ ನನ್ನ ಕೈಯದೋ ಗೊತ್ತಿಲ್ಲ. ಯಾರೂ ಅದಕ್ಕೆ ನನಗೊಂದು ಶಾಭಾಸ್ ಹೇಳಲಿಲ್ಲ. ಬಾರದ ರೋಗ ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ.

ಊರಿನವರು ಮಾತ್ರ ದನವನ್ನು ನೋಡಲು ಬಂದರು. ಕಾಯಿಲೆಯಲ್ಲಿದ್ದವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಮರ್ಯಾದೆಗೆ ಕಡಿಮೆ. ಅದೂ ಬರಿಗೈಯಲ್ಲಿ ಅಲ್ಲ, ಬ್ರೆಡ್ಡು ಹಿಡಿದುಕೊಂಡು. "ಸುಸ್ತಾಗಿರ್ತದೆ, ಹಾಲಿಗೆ ಅದ್ದಿ ಕೊಡಿ" ಎಂದರು. ಆ ಬ್ರೆಡ್ಡನ್ನು ಯಜಮಾನರು ಚಹಾಕ್ಕೆ ಅದ್ದಿ ತಿಂದು ಮುಗಿಸಿದರು. ಇವರು ಮಾಡಿದ ಒಂದು ಒಳ್ಳೆಯ ಕೆಲಸ.

ದಿನ ತುಂಬಿ ಕಪ್ಪು ದನ ಕರು ಹಾಕಿತು. ಡಾಕ್ಟ್ರು ಇದ್ದರು, ನಾವೆಲ್ಲ ಇದ್ದೆವು. ಕರು ಕಪ್ಪಗೆ, ಹಣೆಯ ಮೇಲೆ ಬೆರಳಿನಷ್ಟು ಬಿಳಿ. ಹೆಣ್ಣೇ. ಮೂಗಿನ ಲೋಳೆ ತೆಗೆದು, ಎದೆ ಉಜ್ಜಿ, ಕಾಲು ಹಿಡಿದು ತಲೆ ಕೆಳಗೆ ಮಾಡಿ, ಒಣಹುಲ್ಲಿನಿಂದ ಮೈ ತಿಕ್ಕಿ, ಮಾಡುವುದನ್ನೆಲ್ಲ ಮಾಡಿದೆವು. ಒಂದು ಸಲ ಉಸಿರು ಎಳೆದ ಹಾಗೆ ಆಯಿತು. ಅಷ್ಟೇ. ತಾಯಿ ಅದನ್ನು ನೆಕ್ಕುತ್ತಲೇ ಇತ್ತು, ಮೈ ಒಣಗಿದ ಮೇಲೂ ನೆಕ್ಕುತ್ತಿತ್ತು.

"ಹಬ್ಬದ್ದೇ ಕಾರಣವಾ?" ಎಂದು ಕೇಳಿದೆ.

"ಹಾಗಂತ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ" ಎಂದರು ಡಾಕ್ಟ್ರು. ಅಲ್ಲವೆಂದೂ ಹೇಳಲಿಲ್ಲ. ಯಜಮಾನರು ತೋಟದ ಬದಿಯಲ್ಲಿ ಗುಂಡಿ ತೋಡಿದರು. ಅತ್ತೆ ಆ ದಿನ ಊಟಕ್ಕೆ ಬರಲಿಲ್ಲ. ನಾನು ಕರೆದೆ, ಬರಲಿಲ್ಲ, ಮತ್ತೆ ಕರೆಯಲಿಲ್ಲ. ನನಗೆ ಎಲ್ಲರ ಮೇಲೂ ರೋಸಿಹೋಗಿತ್ತು, ದನದ ಮೇಲೆ ಕೂಡ. ಇಟ್ಟದ್ದನ್ನೆಲ್ಲ ತಿನ್ನಬೇಕೆಂದು ಅದಕ್ಕೆ ಯಾರು ಹೇಳಿದ್ದು?

ಕರು ಇಲ್ಲವೆಂದು ಕೆಚ್ಚಲಿಗೆ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಹಳದಿ ಬಣ್ಣದ ದಪ್ಪ ಗಿಣ್ಣುಹಾಲು ಕರೆದು ಜಗಲಿಯಲ್ಲಿ ಇಟ್ಟೆ. ಆಗ ಕೆಳಗಿನ ಮನೆಯವಳು ಮೆಟ್ಟಿಲು ಹತ್ತಿ ಬಂದಳು. ವಾರದಿಂದ ಮೂಡುಬಿದಿರೆಯಲ್ಲೇ ಇದ್ದವಳು, ಬಾಣಂತಿಗೆ ಬೇಕಾದ ಸಾಮಾನು ಕೊಂಡುಹೋಗಲು ಈಗಷ್ಟೇ ಬಸ್ಸಿನಿಂದ ಇಳಿದಿದ್ದಳು. ಮನೆಗೂ ಹೋಗದೆ ಮೊದಲು ಇಲ್ಲಿಗೇ ಬಂದಿದ್ದಳು. ಕೈಯಲ್ಲಿ ಬೇಕರಿಯ ಸ್ವೀಟಿನ ಪೆಟ್ಟಿಗೆ. ಒಣಗಿಹೋಗಿದ್ದ ಮುಖ ತುಂಬಿಕೊಂಡಿತ್ತು.

"ಎರಡು ಜೀವವೂ ಸೌಖ್ಯ" ಎಂದು ಅತ್ತೆಯ ಕಾಲು ಮುಟ್ಟಿದಳು. "ನಿಮ್ಮ ಕೈಯಿಂದ, ನಿಮ್ಮ ದನದ ಬಾಯಿಗೆ ಹೋಯ್ತಲ್ಲ, ಅದೇ ಕಾಪಾಡಿದ್ದು. ಡಾಕ್ಟರೇ ಕೈಬಿಟ್ಟಿದ್ರು."

ಅತ್ತೆಯ ಕೈ ಅವಳ ತಲೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ.

ನನ್ನ ನಾಲಗೆಯ ತುದಿಯಲ್ಲಿ ಮಾತು ಇತ್ತು. ಇಷ್ಟು ದಿನ ಊರಿಡೀ ಕೇಳಿಸಿದ ನಾಲಗೆ ಅದು. ಮನೆಗೆ ಇಳಿಯುವಷ್ಟರಲ್ಲಿ ಯಾರಾದರೂ ಅವಳಿಗೆ ಹೇಳಿಯೇ ಹೇಳುತ್ತಾರೆ. ಹೇಳಲಿ. ನನ್ನ ಬಾಯಿಂದ ಬರಲಿಲ್ಲ.

ಅವಳ ಕಣ್ಣು ಜಗಲಿಯ ಪಾತ್ರೆಯ ಮೇಲೆ ಬಿತ್ತು. "ಅಯ್ಯೋ, ಗಿಣ್ಣುಹಾಲು! ಕರು ಹಾಕಿತಾ ಅಕ್ಕ? ಎಂತ ಕರು?"

"ಹೆಣ್ಣು" ಎಂದೆ.

"ನಮ್ಮದೂ ಹೆಣ್ಣೇ!" ಎಂದು ಎರಡು ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

ನಾನು ಒಳಗೆ ಹೋಗಿ ಮುಚ್ಚಳವಿರುವ ಒಂದು ಕ್ಯಾನು ತಂದು, ಪಾತ್ರೆಯಲ್ಲಿದ್ದ ಹಾಲನ್ನೆಲ್ಲ ಅದಕ್ಕೆ ಸುರಿದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎತ್ತಿ ನೋಡಿ ತಡೆದಳು. "ಇಷ್ಟೂ ನನಗೇ ಕೊಟ್ರೆ ಹೇಗೆ ಅಕ್ಕ? ಕರುವಿಗೆ ಬೇಡವಾ?"

"ಅದಕ್ಕೆ ಸಾಕಾಯ್ತು. ನೀನು ಕೊಂಡುಹೋಗು" ಎಂದೆ.